ಬಾನಿನಲ್ಲೊಂದು ಕತ್ತೆ

ನಾನು ಓದಿದ ಶಾಲೆಯಲ್ಲಿ ಆ ಹಾಡಿಗೆ ಕುಣಿಯದವರು ಯಾರೂ ಇರಲಿಲ್ಲ. ಊಟದ ಬಿಡುವಿನಲ್ಲಿ ನಾವು ಹುಡುಗಿಯರು ಉದ್ದನೆಯ ಕಾರಿಡಾರಿನಲ್ಲಿ ಸಾಲುಗಟ್ಟಿ ನಿಂತು, ಎರಡೂ ಅಂಗೈಗಳನ್ನು ತಲೆಯ ಮೇಲೆ ಕತ್ತೆಯ ಕಿವಿಗಳ ಹಾಗೆ ನಿಗುರಿಸಿಕೊಂಡು, “ಬಾನಲಿ ಕಣೇ ಕತ್ತೇ!” ಎಂದು ಕಿರುಚುತ್ತಿದ್ದೆವು. ಹಾಡಿದವಳು ಮಿಂಚು. ಅದು ಅವಳ ಹೆಸರಲ್ಲ, ಜನ ಇಟ್ಟದ್ದು. ಆದರೆ ಕ್ಷೌರದಂಗಡಿಯ ಗೋಡೆಯಿಂದ ಹಿಡಿದು ಸೋಪಿನ ಪೊಟ್ಟಣದವರೆಗೆ ಎಲ್ಲ ಕಡೆ ಅದೇ ಇತ್ತು. ಹಾಡು ಪ್ರೇಮಭಂಗದ್ದು. ಪ್ರಿಯಕರ ಬಾಗಿಲು ತೆರೆಯದೆ ಹೋಗಿದ್ದಾನೆ, ಇವಳು ಕಿಟಕಿಯಲ್ಲಿ ನಿಂತಿದ್ದಾಳೆ, ಡ್ರಮ್ಮು ಎದೆಯ ಹಾಗೆ ಬಡಿದುಕೊಳ್ಳುತ್ತಿದೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಕತ್ತೆ.

ಆ ಕತ್ತೆಗೆ ಅಲ್ಲೇನು ಕೆಲಸ ಎಂಬ ವಿಷಯದಲ್ಲಿ ನಮ್ಮ ತರಗತಿಯಲ್ಲಿ ಎರಡು ಪಂಗಡಗಳೇ ಆಗಿದ್ದವು. ಅದು ‘ಕಣೇ’ ಅಲ್ಲ, ‘ಕಾಣೆ’; ಬಾನೆಲ್ಲ ಹುಡುಕಿದರೂ ಕತ್ತೆ ಕಾಣೆ ಎಂದು ಅರ್ಥ ಅನ್ನುವುದು ನಮ್ಮ ಪಂಗಡ. ಕೈಬಿಟ್ಟು ಹೋದ ಗಂಡಸೇ ಕತ್ತೆ, ಸತ್ತು ಬಾನು ಸೇರಿದ್ದಾನೆ ಅನ್ನುವುದು ಎದುರು ಪಂಗಡ. ಗಣಿತದ ಮೇಷ್ಟ್ರು ಮಾತ್ರ, “ನಿಮ್ಮ ತರಗತಿ ನೋಡ್ಕೊಂಡು ಹೋಗಿ ಬರೆದಿರ್ಬೇಕು,” ಎಂದು ಮುಗಿಸಿದರು. ಒಂದು ವಾರಪತ್ರಿಕೆಯಲ್ಲಿ ಯಾರೋ ವಿದ್ವಾಂಸರು ಕತ್ತೆಯೆಂದರೆ ಪ್ರೇಮದ ಭಾರ ಹೊತ್ತ ಜೀವ ಎಂದು ಎರಡು ಪುಟ ಬರೆದಿದ್ದರು. ಸ್ವತಃ ಮಿಂಚುವನ್ನು ಟೀವಿಯಲ್ಲಿ ಕೇಳಿದಾಗ ಅವಳು ಕೂದಲು ಹಿಂದಕ್ಕೆ ತಳ್ಳಿಕೊಂಡು, “ಅದು ನಾನು ಹಾಡಿದ್ದಲ್ಲ. ಕಿವಿಯೊಳಗೆ ಒಂದು ದನಿ ಬಂತು, ಹಾಡಿಸ್ತು,” ಎಂದಿದ್ದಳು. ಕೇಳಿದವನು ಕೈಮುಗಿಯುವುದೊಂದು ಬಾಕಿ.

ಕತ್ತೆ ಬಾನಿಗೆ ಏರಿದ್ದು ಹೇಗೆಂದು ನನಗೆ ಗೊತ್ತಾದದ್ದು ಇಷ್ಟು ವರ್ಷಗಳ ಮೇಲೆ, ಅದೂ ಎದುರುಮನೆಯಲ್ಲಿ, ಮಗಳಿಗೆ ಮಾತು ಬರುತ್ತಿಲ್ಲವಲ್ಲ ಎಂದು ನಾನು ಹೊಟ್ಟೆಗೆ ಸರಿಯಾಗಿ ಅನ್ನ ತಿನ್ನದೆ ಒದ್ದಾಡುತ್ತಿದ್ದ ದಿನಗಳಲ್ಲಿ.

ಮಗಳಿಗೆ ಎರಡೂವರೆ ದಾಟಿತ್ತು. ಓಡುತ್ತಾಳೆ, ಹತ್ತುತ್ತಾಳೆ, ಯಾವ ಡಬ್ಬಿಯ ಮುಚ್ಚಳ ಬೇಕಾದರೂ ತೆಗೆಯುತ್ತಾಳೆ. ಮಾತು ಮಾತ್ರ ಒಂದೊಂದೇ ಅಕ್ಷರ. ಹಾಲಿಗೆ ‘ಹಾ’. ನೀರಿಗೆ ‘ನೀ’. ಚೆಂಡಿಗೆ ‘ಚೆಂ’. ನನಗೆ ‘ಅ’. ಅಪ್ಪನಿಗೂ ಅದೇ ‘ಅ’. ಕೂಗಿದರೆ ಇಬ್ಬರೂ ಎದ್ದೆನೋ ಬಿದ್ದೆನೋ ಎಂದು ಓಡಿಬರುತ್ತೇವಾದ್ದರಿಂದ ಅವಳಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ತೊಂದರೆಯೆಲ್ಲ ನನಗೆ. ಪಾರ್ಕಿನಲ್ಲಿ ಅವಳಿಗಿಂತ ಚಿಕ್ಕ ಮಕ್ಕಳು “ಅಮ್ಮಾ ನೋಡು, ನಾಯಿಮರಿ ಮಲ್ಕೊಂಡಿದೆ,” ಎನ್ನುವಾಗ ನಾನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಫೋನಿನಲ್ಲಿ ಹುಡುಕಿ ಹುಡುಕಿ, ಇಲ್ಲದ ರೋಗಗಳನ್ನೆಲ್ಲ ಅವಳಿಗೆ ಅಂಟಿಸಿ, ಮತ್ತೆ ಒಂದೊಂದಾಗಿ ಬಿಡಿಸುತ್ತಿದ್ದೆ.

“ಬರುತ್ತೆ ಬಿಡು,” ಎನ್ನುತ್ತಿದ್ದರು ನಮ್ಮವರು.

ಅತ್ತೆಯ ಫೋನು ಬಂದರೆ ಇನ್ನೊಂದು ತರ. “ನಮ್ಮ ಮಗ ಒಂದೂವರೆ ವರ್ಷಕ್ಕೇ ಕಥೆ ಹೇಳ್ತಿದ್ದ ಕಣಮ್ಮ.”

“ಹೌದತ್ತೆ, ಈಗ್ಲೂ ಹೇಳ್ತಾರೆ,” ಎಂದು ನಾನು ಫೋನಿಟ್ಟೆ.

ಕೊನೆಗೆ ಮಾತಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಶಾಂತ ಸ್ವಭಾವದ ಹೆಂಗಸು. ನೆಲದ ಮೇಲೆ ಕೂತು ಮಗಳ ಜೊತೆ ಬಹಳ ಹೊತ್ತು ಆಡಿದರು. ಕಿವಿ ಚೆನ್ನಾಗಿದೆ, ಅರ್ಥವೂ ಚೆನ್ನಾಗಿ ಆಗುತ್ತದೆ ಎಂದರು. ಆಮೇಲೆ ಏನೋ ಹೊಳೆದವರ ಹಾಗೆ, “ಒಂದು ವಿಚಿತ್ರ ನೋಡಿ. ಒಂದಕ್ಷರ ಹೇಳಿ ನಿಲ್ತಾಳೆ, ನನ್ನ ಬಾಯನ್ನೇ ನೋಡ್ತಾಳೆ. ಮುಂದಿಂದು ನಾನು ಹೇಳ್ಬೇಕು ಅನ್ನೋ ಹಾಗೆ. ಮನೇಲಿ ಯಾರಾದ್ರೂ ಹೀಗೆ ಮಾತಾಡ್ತಾರಾ?” ಎಂದು ಕೇಳಿದರು.

“ಇಲ್ಲಪ್ಪ,” ಎಂದುಬಿಟ್ಟೆ. ಬಸ್ಸು ಹತ್ತಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡು ನಿಲ್ದಾಣ ದಾಟುವ ಹೊತ್ತಿಗೆ ಹೊಳೆಯಿತು. ಇದ್ದಾರೆ. ದೊಡ್ಡಮ್ಮ ಇದ್ದಾರೆ.

ದೊಡ್ಡಮ್ಮ ನಮ್ಮ ರಕ್ತಸಂಬಂಧಿಯಲ್ಲ. ನಾವಿರುವ ಮಹಡಿಯಲ್ಲೇ, ನಮ್ಮ ಬಾಗಿಲಿಗೆ ಎದುರುಬದುರು ಅವರ ಬಾಗಿಲು. ನಾನು ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತು “ಮುಂದಿನವರು ಬನ್ನಿ” ಎಂದು ಕೂಗುವ ಹೊತ್ತಿನಲ್ಲೆಲ್ಲ ಮಗಳು ಅವರ ಹತ್ತಿರ. ಎತ್ತರದ ಹೆಂಗಸು, ಗಂಡಸರ ಹಾಗೆ ಅಗಲವಾದ ಪಾದ, ಕತ್ತು ಸದಾ ಸ್ವಲ್ಪ ಮೇಲಕ್ಕೆ, ಯಾರನ್ನೋ ಕೆಳಗಿನಿಂದ ನೋಡುತ್ತಿರುವವರ ಹಾಗೆ. “ಏನು ಕೆಲಸದಲ್ಲಿದ್ರಿ ದೊಡ್ಡಮ್ಮ?” ಎಂದರೆ “ಕಂಪನಿ ಜೊತೆ ಊರೂರು ಸುತ್ತೋದು,” ಎನ್ನುತ್ತಿದ್ದರು. ಯಾವ ಕಂಪನಿ ಎಂದು ನಾನು ಕೇಳಲಿಲ್ಲ. ಮಗುವನ್ನು ಜೋಪಾನ ಮಾಡುವವರು ಸಿಕ್ಕರೆ ಯಾವ ತಾಯಿ ಕಂಪನಿ ಕೇಳುತ್ತಾಳೆ?

ಅವರ ಮಾತಿನ ರೀತಿ ನಮಗೆಲ್ಲ ಅಭ್ಯಾಸವಾಗಿಹೋಗಿತ್ತು. “ಮಗು ಹಾ ಕುಡೀತು. ಬಾ ಕೊಟ್ರೆ ಮುಟ್ಲಿಲ್ಲ.” ಹಾಲು ಕುಡಿಯಿತು, ಬಾಳೆಹಣ್ಣು ಮುಟ್ಟಲಿಲ್ಲ ಎಂದು. ಮುಖ್ಯವಾದ ಪದ ಬಂದಾಗ ಮೊದಲ ಅಕ್ಷರ ಹೇಳಿ ನಿಂತು, ಹುಬ್ಬೆತ್ತಿ ಕಾಯುತ್ತಾರೆ. ಎದುರಿಗಿದ್ದವರು ಪದ ಮುಗಿಸಿದ ಮೇಲೆಯೇ ಮುಂದಕ್ಕೆ. ಹಲ್ಲು ಸರಿಯಿಲ್ಲವೇನೋ, ಉಸಿರು ಸಾಲದೇನೋ ಎಂದುಕೊಂಡಿದ್ದೆ. ಅವರ ಮನೆಯಲ್ಲಿ ಇನ್ನೊಂದು ವಿಚಿತ್ರವಿತ್ತು, ಅದನ್ನೂ ಕೇಳಿರಲಿಲ್ಲ. ಗೋಡೆಯ ಅಲಮಾರಿನಲ್ಲಿ ಪುಸ್ತಕ ಇಡುವ ಜಾಗದಲ್ಲಿ ಚಪ್ಪಲಿಗಳು. ಬೆಳ್ಳಿಬಣ್ಣದ ಹಿಮ್ಮಡಿಯವು, ಮೊಣಕಾಲವರೆಗಿನ ಕೆಂಪು ಬೂಟುಗಳು, ಕಲ್ಲು ಉದುರಿದ ಕಪ್ಪು ಷೂ. ಎಲ್ಲ ಪುಟ್ಟ ಪುಟ್ಟ ಪಾದದವು. ದೊಡ್ಡಮ್ಮನ ಪಾದದ ಅರ್ಧವೂ ಅವುಗಳೊಳಗೆ ಹೋಗುತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ನಾನು ಜಗಳಕ್ಕಲ್ಲ, ಆದರೆ ಜಗಳವಾದರೂ ಸರಿ ಎಂದು ಸೆರಗು ಸಿಕ್ಕಿಸಿಕೊಂಡು ಅವರ ಬಾಗಿಲಿಗೆ ಹೋದೆ. ಬಾಗಿಲು ಅರೆ ತೆರೆದಿತ್ತು. ಮಗಳು ಒಂದು ಕಾಲಿಗೆ ಬೆಳ್ಳಿ ಷೂ ಹಾಕಿಕೊಂಡು ನೆಲದ ಮೇಲೆ ಕೂತಿದ್ದಳು. ದೊಡ್ಡಮ್ಮ ಬಟಾಣಿ ಸುಲಿಯುತ್ತ, ಫೋನನ್ನು ಮೇಜಿನ ಮೇಲಿಟ್ಟು, ದನಿ ಜೋರಾಗಿ ಕೇಳುವ ಹಾಗೆ ಮಾಡಿಕೊಂಡು ಯಾರೊಂದಿಗೋ ಮಾತಾಡುತ್ತಿದ್ದರು.

“ಮಾ ತಗೊಂಡ್ಯಾ?”

“ಮಾವಿನಹಣ್ಣಾ? ಈಗೆಲ್ಲಿ ಸಿಗುತ್ತೆ?” ಫೋನಿನಲ್ಲಿ ಒಡಕು ದನಿಯ ಹೆಂಗಸು.

“ಮಾ!”

“ಮಾವನ ಮನೆಯ ದಾರಿಯಲಿ, ಮಲ್ಲಿಗೆ ಬಿರಿವಾ ಹೊತ್ತಿನಲಿ...” ಒಡಕು ದನಿ ಸರಾಗವಾಗಿ ಹಾಡಿಗೆ ಇಳಿಯಿತು.

“ಮಾತ್ರೆ ಕಣೇ ಕತ್ತೆ!”

ಮಗಳು ಕೇಕೆ ಹಾಕಿ ನಕ್ಕಳು. ನಾನು ಹೊಸ್ತಿಲಲ್ಲೇ ನಿಂತೆ. ಎರಡೂ ಕೈಗಳು ತಮ್ಮಷ್ಟಕ್ಕೆ ತಲೆಯ ಕಡೆ ಹೋಗುತ್ತಿದ್ದವು. ಅದೇ ರಾಗ, ಅದೇ ಸಿಟ್ಟು, ‘ಕ’ದ ಮೇಲೆ ಅದೇ ಒತ್ತು. ಶಾಲೆಯ ಕಾರಿಡಾರಿನಲ್ಲಿ ನಾವು ಕಿರುಚುತ್ತಿದ್ದುದು, ಮೊದಲ ಪದವೊಂದು ಬಿಟ್ಟರೆ, ಅಕ್ಷರಶಃ ಇದನ್ನೇ.

ಫೋನಿಟ್ಟ ಮೇಲೆ ಕೇಳಿದೆ. “ದೊಡ್ಡಮ್ಮ, ಅದು ಯಾರು?”

“ಮಿಂ,” ಎಂದು ಹುಬ್ಬೆತ್ತಿದರು.

ಬಂದ ಕೆಲಸವನ್ನು ಆಮೇಲೆ ಹೇಳಿದರಾಯಿತೆಂದು ನೆಲದ ಮೇಲೆ ಕೂತು, ನಾನೂ ಬಟಾಣಿ ಸುಲಿಯತೊಡಗಿದೆ. ಮುಂದಿನದನ್ನು ಅವರ ಅರ್ಧ ಅರ್ಧ ಪದಗಳನ್ನು ಮುಗಿಸಿಕೊಡುತ್ತ, ಆ ಮಧ್ಯಾಹ್ನ ಸ್ವಲ್ಪ, ಆ ವಾರದುದ್ದಕ್ಕೂ ಸ್ವಲ್ಪ ಸ್ವಲ್ಪ ಕೇಳಿ ತಿಳಿದೆ.

ಹರೆಯದಲ್ಲಿ ದೊಡ್ಡಮ್ಮ ಒಂದು ದೊಡ್ಡ ಹೋಟೆಲಿನ ಟೆಲಿಫೋನು ಬೋರ್ಡಿನ ಮುಂದೆ ಕೂರುತ್ತಿದ್ದರು. ತಂತಿ ಎಳೆದು ತೂತಿಗೆ ಚುಚ್ಚುವ ಕೆಲಸ. ಅರ್ಧ ಮಾತು ಅಲ್ಲಿಯೇ ಶುರುವಾದದ್ದು. ಎಲ್ಲ ದೀಪಗಳೂ ಒಟ್ಟಿಗೆ ಮಿನುಗುವಾಗ ಪೂರ್ತಿ ಪದ ಹೇಳುತ್ತ ಕೂತರೆ ಹೋಟೆಲು ಮುಳುಗುತ್ತದೆ. ಬೋರ್ಡಿನ ಗೂಡಿಗೂ ಊಟದ ಹಾಲಿಗೂ ನಡುವೆ ಒಂದು ಕಂಬ. ಆ ಹಾಲಿನಲ್ಲಿ ಸಂಜೆ ಹೊತ್ತು ಒಂದು ಬ್ಯಾಂಡು ನುಡಿಸುತ್ತಿತ್ತು. ಹಾಡಲು ಬರುತ್ತಿದ್ದ ಹುಡುಗಿ ಚಪ್ಪಲಿ ಅಂಗಡಿಯ ಸೇಲ್ಸ್‌ಮನ್ನಿನ ಮಗಳು. ಅಂಗಡಿಯ ಗಾಜಿನೊಳಗಿನ ಬೆಳ್ಳಿ ಷೂ ಹಾಕಿಕೊಂಡು ಬಂದು, ಹಾಡು ಮುಗಿದ ಮೇಲೆ ಒರೆಸಿ ಮತ್ತೆ ಗಾಜಿನೊಳಗೆ ಇಡುತ್ತಿದ್ದಳಂತೆ.

“ದನಿ ಅಂದ್ರೆ ದನಿ ಕಣಮ್ಮ. ಚಮಚ ಸದ್ದು ನಿಂತುಹೋಗೋದು. ಆದ್ರೆ ತಲೇಲಿ ಒಂದು ಪದ ನಿಲ್ತಿರ್ಲಿಲ್ಲ.”

ಒಂದು ಸಂಜೆ ಹಾಡಿನ ನಟ್ಟನಡುವೆ ಹುಡುಗಿ ಬಾಯಿ ತೆರೆದು ನಿಂತಳು. ತಾಳ ನಡೆಯುತ್ತಿದೆ, ಪದ ಬರುತ್ತಿಲ್ಲ. ದಿನವೂ ಅದೇ ಹಾಡು ಕೇಳಿ ಕೇಳಿ ಬಾಯಿಪಾಠವಾಗಿದ್ದ ದೊಡ್ಡಮ್ಮ ನೀರಿನ ಲೋಟ ಹಿಡಿದು ಕಂಬದ ಹಿಂದೆ ಹಾದುಹೋಗುತ್ತಿದ್ದವರು, ತಡೆಯಲಾರದೆ “ಮು” ಎಂದರು. ಬೋರ್ಡಿನ ಚಾಳಿ, ಪೂರ್ತಿ ಪದ ಬರಲಿಲ್ಲ. ಹುಡುಗಿ “ಮುಗಿಲಿನ ಅಂಚಿಗೆ” ಎಂದು ಹಿಡಿದುಕೊಂಡಳು. ಹಾಡು ಮುಗಿದ ಮೇಲೆ ಕಂಬದ ಹಿಂದೆ ಇಣುಕಿ, “ನಾಳೆನೂ ಇಲ್ಲೇ ನಿಂತ್ಕೋತೀಯಾ?” ಎಂದಳು. ಹೆಸರು ಕೇಳಲಿಲ್ಲ. ಆವತ್ತಿನಿಂದ ಅವಳ ಪಾಲಿಗೆ ಇವರು ‘ಕಂಬ’.

“ಪೂರ್ತಿ ಪದ ಹೇಳಿದ್ರೆ ಸುಲಭ ಆಗ್ತಿರ್ಲಿಲ್ವಾ ದೊಡ್ಡಮ್ಮ?”

“ಹಾಡೋಳು ಸಾಲು ಮುಗಿಸಿ ಉಸಿರು ಎಳ್ಕೋತಾಳಲ್ಲ, ಆ ಸಂದಿ ಇದೆಯಲ್ಲ, ಅದ್ರಲ್ಲಿ ಒಂದಕ್ಷರಕ್ಕೆ ಮಾತ್ರ ಜಾಗ. ಇನ್ನೊಂದು ತುರುಕಿದ್ರೆ ಅವಳ ಶ್ರು ಕೆಡುತ್ತೆ.”

“ಶ್ರುತಿ.”

“ಹಾಂ. ಒಂದು ಹೆಚ್ಚಲ್ಲ, ಒಂದು ಕಮ್ಮಿಯಲ್ಲ. ಎತ್ತಿಕೊಡೋದು ಅಂದ್ರೆ ಅಷ್ಟೇ. ಎತ್ತೋದು ನಾವು, ಹೊರೋದು ಅವರು.”

ಹುಡುಗಿಯ ಮೊದಲ ಕ್ಯಾಸೆಟ್ಟು ಬಂತು, ರೇಡಿಯೋ ಬಂತು, ಮಿಂಚು ಎಂಬ ಹೆಸರು ಬಂತು. ದೊಡ್ಡಮ್ಮ ಹೋಟೆಲು ಬಿಟ್ಟು ಅವಳ ಬಸ್ಸು ಹತ್ತಿದರು. ಆಗಷ್ಟೇ ಮದುವೆಯಾಗಿದ್ದ ಗಂಡ, “ಊರೂರು ಸುತ್ತೋ ಹೆಂಡತಿ ನನಗೆ ಬೇಡ,” ಎಂದನಂತೆ. ಇವರು “ಸ” ಎಂದರಂತೆ. ‘ಸರಿ’ ಅಂತಲೋ ‘ಸಲ್ಲದು’ ಅಂತಲೋ ಅವನಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ ಎಂದು ನಗುತ್ತಾರೆ. ನಗು ಮುಗಿದ ಮೇಲೆ ಸ್ವಲ್ಪ ಹೊತ್ತು ಬಟಾಣಿ ಸಿಪ್ಪೆಯನ್ನೇ ಸುಲಿಯುತ್ತಾರೆ.

ನಾಡಿನಲ್ಲಿ ಮಿಂಚುವಿನ ಮುಖ ನೋಡದವರಿರಲಿಲ್ಲ. ಹಾಡುವಾಗ ಅವಳ ಮುಖ ಒಮ್ಮೆಯೂ ನೋಡದವರೆಂದರೆ ದೊಡ್ಡಮ್ಮ ಒಬ್ಬರೇ. ಅವರ ಜಾಗ ವೇದಿಕೆಯ ಹಲಗೆಯ ಕೆಳಗೆ, ಮೆಟ್ಟಿಲ ಪಕ್ಕದ ಗೂಡಿನಲ್ಲಿ. ಒಂದು ಸೀಳಿನಿಂದ ಕಾಣುವುದು ಚಪ್ಪಲಿ ಮಾತ್ರ. ಮೊದಮೊದಲು ಆ ಸೀಳಿಗೇ ಬಾಯಿಟ್ಟು ಎತ್ತಿಕೊಡುತ್ತಿದ್ದರು. ಆಮೇಲೆ ಕಿವಿಗೆ ಸಿಕ್ಕಿಸುವ ಗುಂಡಿಯಂಥ ಯಂತ್ರ ಬಂತು, ಇವರ ಕೈಗೊಂದು ಮೈಕು. ಹಿಮ್ಮಡಿ ಹಿಂದಕ್ಕೆ ಸರಿದರೆ ಮರೆವು ಬರುತ್ತಿದೆ ಎಂದರ್ಥ. ತುದಿಗಾಲ ಮೇಲೆ ನಿಂತರೆ ಜನ ಒಲಿದಿದ್ದಾರೆ. ಎಡಗಾಲು ಬಲಗಾಲನ್ನು ಉಜ್ಜಿದರೆ ಮನೆಯಲ್ಲಿ ಜಗಳವಾಡಿ ಬಂದಿದ್ದಾಳೆ. ಸವೆದ ಷೂಗಳನ್ನು ಮಿಂಚು ಬಿಸಾಡಹೋದರೆ ದೊಡ್ಡಮ್ಮ ಇಸಿದುಕೊಳ್ಳುತ್ತಿದ್ದರು. “ನಾನು ನೋಡಿದ್ದು ಇದನ್ನೇ ತಾನೇ. ಮುಖ ಬೇಕಾದೋರು ಪೋ ಇಟ್ಕೊಳ್ಲಿ.”

“ಪೋಸ್ಟರು,” ಎಂದೆ ನಾನು.

ಕೆಂಪು ಬೂಟಿನ ಕಾಲ ಕೆಲವು ವರ್ಷ ನಡೆಯಿತು. ಕ್ರೀಡಾಂಗಣಗಳು, ಪೊಲೀಸರು, ಬಸ್ಸಿನ ಗಾಜಿಗೆ ಮುತ್ತಿಡುವ ಹುಡುಗರು. ಆಮೇಲೆ ಯಂತ್ರದಲ್ಲಿ ದನಿ ತಿರುಚಿ ಹಾಡುವ ಹೊಸಬರು ಬಂದರು. ಟೀವಿಯ ನಗೆಗಾರರು ಮಿಂಚುವಿನ ಕೂದಲನ್ನು ಅಣಕಿಸತೊಡಗಿದರು. ಒಂದು ಜೊತೆ ಕೆಂಪು ಬೂಟಿಗೆ ಕಪ್ಪು ಬಣ್ಣ ಬಳಿದು ಬಟ್ಟೆ ಅಂಗಡಿಗಳ ಉದ್ಘಾಟನೆಗೆ ಹಾಡಿದ್ದೂ ಉಂಟು. ಅಂಥ ದಿನಗಳಲ್ಲಿ ಅರ್ಧ ತುಂಬಿದ ಒಂದು ಮೈದಾನದಲ್ಲಿ, ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುತ್ತಿದ್ದ ಸಂಜೆ, ಆ ಹಾಡು ಬಂತು. ಅದರಲ್ಲಿ ಒಂದು ತೊಡಕಿತ್ತು. ಮೊದಲ ಚರಣ “ಬಾಗಿಲು ತೆರೆಯದೆ ಹೋದವನೇ”, ಕೊನೆಯ ಚರಣ “ಬಾನಲಿ ಬೆಳಗುವ ಚಂದಿರನೇ”. ಎರಡಕ್ಕೂ ‘ಬಾ’.

“ನಾನು ‘ಬಾ’ ಅಂದೆ. ಬಾಗಿಲಿಗೆ ಹೋದ್ಲು. ಹೋಗ್ಲಿ, ಒಂದು ಸುತ್ತು ಹಾಡ್ಲಿ ಅಂತ ಕಾದು ಮತ್ತೆ ‘ಬಾ’ ಅಂದೆ. ಮತ್ತೆ ಬಾಗಿಲು! ಡ್ರಮ್ಮಿನವನ ಕೈ ಸೋತುಹೋಗಿದೆ, ಗಿಟಾರಿನವನು ಇಣುಕಿ ನನ್ನ ನೋಡ್ತಿದ್ದಾನೆ. ಆ ಬಾಗಿಲು ಹಾಕೋರೇ ಇಲ್ಲ. ಜನ ಮಾತ್ರ ಇದೇನೋ ಹೊಸ ತರ ಅಂದ್ಕೊಂಡು ಎದ್ದು ನಿಂತಿದ್ದಾರೆ. ಮತ್ತೆ ‘ಬಾ’ ಅಂದೆ. ಹಿಮ್ಮಡಿ ಹಿಂದಕ್ಕೆ ಸರೀತು, ಮತ್ತೆ ಬಾಗಿಲ ಚರಣಕ್ಕೇ ಹೊರಟ್ಲು. ತಡಿಯೋಕಾಗ್ಲಿಲ್ಲ ಕಣಮ್ಮ. ಶ್ರುತಿ ಹಾಳಾಗ್ಲಿ, ಉಸಿರಿನ ಸಂದಿ ಹಾಳಾಗ್ಲಿ ಅಂತ ಕಿರುಚಿಬಿಟ್ಟೆ.”

“ಬಾನಲಿ ಕಣೇ ಕತ್ತೆ,” ಎಂದೆ ನಾನು ಮೆಲ್ಲಗೆ.

“ಅವಳು ಜನ್ಮದಲ್ಲಿ ಮೊದಲ್ನೇ ಸಲ, ನಾನು ಕೊಟ್ಟಿದ್ದನ್ನ ಒಂದಕ್ಷರ ಬಿಡದೆ ಹಾಡಿದ್ಲು.”

ಬ್ಯಾಂಡು ಕೈಬಿಟ್ಟಿತು. ಆಮೇಲೆ ಇಡೀ ಜನ ಒಟ್ಟಿಗೆ “ಬಾನಲಿ ಕಣೇ ಕತ್ತೇ” ಎಂದು ತಿರುಗಿ ಕೂಗಿದರು. ಮುದ್ರಿಸಿದ ಕಂಪನಿಯವರು ಅದನ್ನು ಅಳಿಸಲಿಲ್ಲ. ಮಿಂಚು ಮತ್ತೆ ಎದ್ದಳು; ಮೊದಲಿಗಿಂತ ಎತ್ತರಕ್ಕೆ. ನಾನು ಕಾರಿಡಾರಿನಲ್ಲಿ ಕಿವಿ ಎತ್ತಿಕೊಂಡು ಕುಣಿದದ್ದು ಆ ವರ್ಷ. ಮುಂದಿನ ಒಂದೊಂದು ಕಾರ್ಯಕ್ರಮದಲ್ಲೂ ಅದೇ ಜಾಗ ಬಂದಾಗ ದೊಡ್ಡಮ್ಮ ಕಿವಿಗೆ ಬೈಯಲೇಬೇಕು. ಬೈಯದಿದ್ದರೆ ಅವಳಿಗೆ ಆ ಸಾಲು ಏಳುತ್ತಲೇ ಇರಲಿಲ್ಲ. ಹಾಗೆ ಬೈದುಕೊಂಡು, ಬೈಸಿಕೊಂಡು ಇಬ್ಬರಿಗೂ ವಯಸ್ಸಾಯಿತು. ಒಂದು ಸಂಜೆ ಸೀಳಿನಲ್ಲಿ ನೋಡಿದರೆ ಮಿಂಚು ಹಿಮ್ಮಡಿಯಿಲ್ಲದ ಮನೆಚಪ್ಪಲಿ ಹಾಕಿಕೊಂಡು ಬಂದಿದ್ದಾಳೆ. ಇದೇ ಕೊನೆ ಎಂದು ಜನರಿಗಿಂತ ಮೊದಲು ಇವರಿಗೆ ಗೊತ್ತಾಯಿತು. ಆ ಚಪ್ಪಲಿಯನ್ನು ಮಾತ್ರ ಮಿಂಚು ಕೊಡಲಿಲ್ಲ, ಈಗಲೂ ಮೆಟ್ಟುತ್ತಾಳಂತೆ. ಬೇರೆ ಊರಿನಲ್ಲಿ ಗಿಡಗಳಿಗೆ ನೀರು ಹಾಕಿಕೊಂಡು, ಮಾತ್ರೆ ಮರೆತುಕೊಂಡು ಇದ್ದಾಳೆ. ಭಾನುವಾರ ಭಾನುವಾರ ಫೋನು.

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಚಿಂತೆ ಕಳೆಯಲಿಲ್ಲ. ಬದಲಿಗೆ ಹೆಚ್ಚಿತು. ಒಂದಕ್ಷರ ಹೆಚ್ಚಲ್ಲ, ಒಂದಕ್ಷರ ಕಮ್ಮಿಯಲ್ಲ ಎಂದು ಜೀವನವಿಡೀ ಮಾತಾಡಿದವರ ತೊಡೆಯ ಮೇಲೆ ನನ್ನ ಮಗಳು ಮಾತು ಕಲಿಯುತ್ತಿದ್ದಾಳಲ್ಲ! ಕಥೆ ಚೆನ್ನಾಗಿದೆ ಎಂದು ಮಗಳನ್ನು ‘ಹಾ’, ‘ನೀ’ಗಳಲ್ಲೇ ಬಿಡಲಾದೀತೆ? ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿದ್ದ ಶಿಶುವಿಹಾರಕ್ಕೆ ಹೋಗಿ ವಿಚಾರಿಸಿದೆ. ಗೋಡೆಯ ತುಂಬ ಬಣ್ಣದ ಅಕ್ಷರಗಳು, ಎಲ್ಲ ಮಕ್ಕಳೂ ಒಟ್ಟಿಗೆ ಬಾಯಿ ಮಾಡುತ್ತಿದ್ದವು. ಬರುವ ತಿಂಗಳು ಜಾಗವಿದೆ ಎಂದರು.

ದೊಡ್ಡಮ್ಮನಿಗೆ ಹೇಳುವಾಗ ಅವರ ಮುಖ ನೋಡಲಾಗದೆ ಅಲಮಾರಿನ ಷೂಗಳನ್ನು ನೋಡಿಕೊಂಡು ಹೇಳಿದೆ. ಡಾಕ್ಟರು ಕೇಳಿದ್ದನ್ನೂ ಹೇಳಿದೆ.

“ನನ್ನ ಚಾಳಿ ಮಗೂಗೆ ಹತ್ತಿತಾ?” ಎಂದರು. ಪೂರ್ತಿ ವಾಕ್ಯ. ಆಮೇಲೆ, “ಸ.”

ನಾನು ‘ಸರಿ’ ಎಂದು ಮುಗಿಸಿಕೊಡಬೇಕಿತ್ತು. ಮಗಳನ್ನು ಎತ್ತಿಕೊಂಡು ಹೊರಗೆ ಬಂದೆ.

ತಿಂಗಳು ಮುಗಿಯುವವರೆಗೆ ಮಗುವಿನ ಎದುರು ಪೂರ್ತಿ ಪದಗಳನ್ನೇ ಆಡುತ್ತೇನೆಂದು ದೊಡ್ಡಮ್ಮ ತಾವಾಗಿಯೇ ಮಾತು ಕೊಟ್ಟರು. ಪಾಪ, ಅದು ಅವರಿಂದ ಆಗುವ ಕೆಲಸವಾಗಿರಲಿಲ್ಲ. “ಹಾ... ಲು. ಕು... ಡೀ,” ಎಂದು ನಡೆಯಲು ಕಲಿಯುವವರ ಹಾಗೆ ಮಾತಾಡಿ, ಕೊನೆಗೆ ಮಾತನ್ನೇ ನಿಲ್ಲಿಸಿಬಿಟ್ಟರು. ನಾನು ಕೆಲಸದಿಂದ ಬರುವಾಗ ಆ ಮನೆಯಲ್ಲಿ ಸದ್ದೇ ಇರುತ್ತಿರಲಿಲ್ಲ. ಮಗಳು ಮಾತ್ರ ಅವರ ಸುತ್ತ ಓಡಾಡುತ್ತ “ಹಾ? ಚೆಂ? ನೀ?” ಎಂದು ಒಂದೊಂದೇ ಅಕ್ಷರ ಎತ್ತಿಕೊಟ್ಟು, ಹುಬ್ಬೆತ್ತಿ ಕಾಯುತ್ತಿದ್ದಳು.

ಅದನ್ನು ನಾನು ನೋಡುತ್ತಿದ್ದೆ. ಆದರೆ ಚಿಂತೆ ಕಣ್ಣಿಗೆ ಕಟ್ಟಿದಾಗ ಕಂಡದ್ದು ತಲೆಗೆ ಇಳಿಯುವುದಿಲ್ಲ.

ಮುಂದಿನ ಭಾನುವಾರ ಫೋನು ಬಂದಾಗ ನಾನು ಅಲ್ಲೇ ಇದ್ದೆ. ದೊಡ್ಡಮ್ಮ ಗುಂಡಿ ಒತ್ತಿ ಮೇಜಿನ ಮೇಲಿಟ್ಟು ಸುಮ್ಮನೆ ಕೂತರು.

“ಕಂಬಾ, ಯಾಕೆ ಮಾತಿಲ್ಲ? ಸತ್ತೋದ್ಯೇನೇ?” ಎಂದಿತು ಒಡಕು ದನಿ.

ದೊಡ್ಡಮ್ಮ ನನ್ನ ಕಡೆ ನೋಡಿದರು. ನಾನು ಮಗಳ ಕಡೆ ನೋಡಿದೆ. ಮಗಳು ಬೆಳ್ಳಿ ಷೂ ಎಳೆದುಕೊಂಡು ಟಕ್ ಟಕ್ ಎಂದು ಮೇಜಿನ ಹತ್ತಿರ ಹೋಗಿ, ಫೋನಿಗೆ ಬಾಯಿಟ್ಟಳು. ಅದು ಅವಳ ಹಾಲಿನ ಹೊತ್ತು.

“ಹಾ,” ಎಂದಳು.

ಫೋನಿನಲ್ಲಿ ಉಸಿರೆಳೆದುಕೊಂಡ ಸದ್ದು. “ಹಾರುವ ಹಕ್ಕಿಯ ರೆಕ್ಕೆಯಲಿ, ನನ್ನಯ ಹೆಸರನು ಬರೆದವರಾರೋ...”

ಮಗಳು ಹಿಂದಕ್ಕೆ ಸರಿದು ಫೋನನ್ನು ಅನುಮಾನದಿಂದ ನೋಡಿದಳು. ಇಂಥ ಉತ್ತರ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಅವಳು ‘ಹಾ’ ಎಂದರೆ ನಾನು ಹಾಲು ತರುತ್ತೇನೆ, ಅವರಪ್ಪ ಹಾಲು ತರುತ್ತಾರೆ. ಕೆಲಸ ಕೆಡಿಸದವರ ಜೊತೆ ಎರಡನೇ ಅಕ್ಷರದ ಅಗತ್ಯವೇ ಬಿದ್ದಿರಲಿಲ್ಲ.

“ಹಾ!” ಎಂದಳು ಇನ್ನೂ ಜೋರಾಗಿ.

“ಹಾದಿಯ ತುಂಬಾ ನಿನ್ನದೆ ನೆರಳು, ಹಾಡುವೆನೆಂದರೆ ಕಟ್ಟಿದೆ ಕೊರಳು...”

ನಾನು ಮುಂದಕ್ಕೆ ಹೆಜ್ಜೆಯಿಟ್ಟೆ, ಲೋಟ ತರಲು. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಗಿಯಾಗಿ. ಅವರ ಕಣ್ಣು ಮಗಳ ಮುಖದ ಮೇಲಿರಲಿಲ್ಲ. ಕೆಳಗೆ, ಆ ಬೆಳ್ಳಿ ಷೂ ಮೇಲಿತ್ತು. ಪುಟ್ಟ ಹಿಮ್ಮಡಿ ಮೆಲ್ಲಗೆ ಮೇಲೆದ್ದು, ಮಗಳು ತುದಿಗಾಲಿನ ಮೇಲೆ ನಿಂತಳು.

“ಹಾ!”

“ಹಾಯಾಗಿ ಮಲಗಿರು ಓ ಚೆಲುವಾ...”

“ಹಾಲು ಕಣೇ ಕತ್ತೆ!”

ಮೊದಲು ನಕ್ಕದ್ದು ಫೋನು, ನಗುತ್ತ ನಗುತ್ತ ಕೆಮ್ಮು ಹತ್ತಿಸಿಕೊಂಡು, “ಕಂಬಾ! ಯಾರೇ ಅದು? ನಿನ್ನ ಜಾಗಕ್ಕೆ ಬಂದಿರೋದು?” ಎಂದಿತು.

ದೊಡ್ಡಮ್ಮ ನನ್ನ ಮಣಿಕಟ್ಟು ಬಿಟ್ಟು ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಲೋಟಕ್ಕೆ ಬಗ್ಗಿಸಿ ತರುವಷ್ಟರಲ್ಲಿ ಹಾಲಂತೂ ಅರ್ಧ ನೆಲಕ್ಕೆ ಚೆಲ್ಲಿತ್ತು. ಮಗಳು ಉಳಿದದ್ದನ್ನು ಗಟಗಟನೆ ಕುಡಿದು, ಮೂತಿಯ ಮೇಲೆ ಬಿಳಿ ಮೀಸೆ ಮಾಡಿಕೊಂಡು, ಮತ್ತೆ ಫೋನಿನ ಕಡೆ ಹೋದಳು. ಬೈಸಿಕೊಳ್ಳುವವರು ಸಿಕ್ಕ ಖುಷಿ ಅವಳಿಗೆ. ಅವಳಿಗೆ ಪದ ಗೊತ್ತಿತ್ತು, ಯಾವತ್ತಿನಿಂದಲೋ ಏನೋ. ಎತ್ತಿಕೊಡುವುದು ತನ್ನ ಕೆಲಸ, ಮುಗಿಸುವುದು ನಮ್ಮ ಕೆಲಸ ಎಂದುಕೊಂಡಿದ್ದಳು. ನಾವು ಒಂದು ದಿನವೂ ತಪ್ಪಿರಲಿಲ್ಲ. ಅವಳಿಗೆ ಬೈಯುವ ಪ್ರಸಂಗವೇ ಬಂದಿರಲಿಲ್ಲ.

ಖುಷಿ ಒಂದು ಗಂಟೆ ಇತ್ತೋ ಇಲ್ಲವೋ, ಹೊಸ ಚಿಂತೆ ಶುರುವಾಯಿತು. ಮಗುವಿನ ಮೊದಲ ವಾಕ್ಯವೇ ಬೈಗುಳ! ಅತ್ತೆಗೆ ಏನೆಂದು ಹೇಳುವುದು? ನಮ್ಮವರು, “ನಿಜಾನೇ ಹೇಳು, ದೊಡ್ಡ ಗಾಯಕಿಗೇ ಎತ್ತಿಕೊಟ್ಟಳು ಅಂತ,” ಎಂದರು. ಮಾತಿನ ಡಾಕ್ಟರು ಮುಂದಿನ ಸಲ ಕೇಳಿ, ಪೆನ್ನು ಕೆಳಗಿಟ್ಟು ನಕ್ಕರು. “ನಾಮಪದ ಇದೆ, ಸಂಬೋಧನೆ ಇದೆ, ಸಿಟ್ಟೂ ಇದೆ. ಇನ್ನೇನು ಬೇಕು? ನೀವಿನ್ನು ಸ್ವಲ್ಪ ತಪ್ಪು ಮಾಡೋದು ಕಲೀರಿ,” ಎಂದರು. ಶಿಶುವಿಹಾರಕ್ಕೆ ಬೆಳಗಿನ ಹೊತ್ತು ಮಾತ್ರ ಕಳಿಸುವುದು, ಮಧ್ಯಾಹ್ನದ ಮೇಲೆ ದೊಡ್ಡಮ್ಮನೇ ಎಂದು ತೀರ್ಮಾನವಾಯಿತು. ದೊಡ್ಡಮ್ಮನಿಗೆ ಅದನ್ನು ಹೇಳಿದಾಗ ಅವರು “ಸ” ಎಂದರು. ಈ ಸಲ ತಡಮಾಡದೆ ಮುಗಿಸಿದ್ದು ಮಗಳು. “ಸಕ್ಕರೆ!” ತಪ್ಪು. ಆದರೆ ಇಬ್ಬರೂ ತಿದ್ದಲಿಲ್ಲ.

ಈಗ ಹಾಲು, ನೀರು, ಚೆಂಡು, ಅಪ್ಪ ಎಲ್ಲ ಪೂರ್ತಿ ಬಂದಿವೆ. ನಾನೊಬ್ಬಳು ಮಾತ್ರ ಬಹಳ ದಿನ ‘ಅ’ ಆಗಿಯೇ ಉಳಿದಿದ್ದೆ. ತಪ್ಪು ನನ್ನ ಕಾಲುಗಳದ್ದು. ಅವಳು ಅಕ್ಷರ ಎತ್ತುವುದರೊಳಗೆ ಅವು ಅವಳ ಮುಂದೆ ಹೋಗಿ ನಿಂತಿರುತ್ತವೆ.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಬೆನ್ನ ಹಿಂದೆ ಬಾಗಿಲ ಹತ್ತಿರ “ಅ” ಎಂದಳು. ಕಾಲು ಆಗಲೇ ತಿರುಗಿತ್ತು. ಒಲೆಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅದನ್ನು ತಡೆದೆ.

“ಯಾರು?” ಎಂದೆ. “ಅಪ್ಪನಾ?”

“ಅ!”

“ಅಜ್ಜಿನಾ? ಅಜ್ಜಿ ಊರಲ್ಲಿದ್ದಾರಲ್ಲ.”

ಹಿಂದೆ ಉಸಿರೆಳೆದುಕೊಂಡ ಸದ್ದಾಯಿತು. ತಿರುಗಿ ನೋಡಿದೆ. ಪುಟ್ಟ ಹಿಮ್ಮಡಿಗಳು ನೆಲ ಬಿಟ್ಟು ಮೇಲೇಳುತ್ತಿದ್ದವು. ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ.